ಮುಡಿ ಕೊಟ್ಟಿದ್ದಕ್ಕೆ ಮುಂದೆ ಹೋದ ಆಪರೇಷನ್

ಹೋದ ತಿಂಗಳು ಇಳಕಲ್ಲಿನ ನಮ್ಮ ಮನೆಗೆ, ಅವ್ವ ತೀರಿಕೊಂಡಳು ಅಂತ ಮಾತಾಡಿಸೋಕೆ ಬಂದವರಿಗೆ ಅವ್ವನೇ ಚಹಾ ಮಾಡಿ ಕೊಟ್ಟಳು.

ಸಕ್ಕರೆ ಕಮ್ಮಿ ಆಯಿತೇನು ಅಂತಾನೂ ಕೇಳಿದಳು...

ನಗಬೇಡಿ, ಪೂರ್ತಿ ಕೇಳಿ.

ನನ್ನ ತಲೆಯೊಳಗೆ ಒಂದು ಗಡ್ಡೆ ಬೆಳೆದಿತ್ತು. ತೆಗೆಸದಿದ್ದರೆ ಕಣ್ಣು ಹೋಗುತ್ತೆ, ತೆಗೆಯುವಾಗ ಜೀವಕ್ಕೂ ಅಪಾಯ ಇದೆ ಅಂದಿದ್ದರು ಬಾಗಲಕೋಟೆಯ ಡಾಕ್ಟರು. ನಾನು ಮೊಬೈಲ್ ರಿಪೇರಿ ಮಾಡುವವನು. ಕಣ್ಣು ಹೋದರೆ ಅಂಗಡಿ ಬಾಗಿಲು ಮುಚ್ಚಿದ ಹಾಗೇ.

ಆಪರೇಷನ್ ದಿನ ಗೊತ್ತಾದ ಕೂಡಲೇ ಗುಡೂರಿನಿಂದ ಕಾಕಾ ಬಂದ. ಹರೆಯದಲ್ಲಿ ಟ್ರ್ಯಾಕ್ಟರಿನಿಂದ ಬಿದ್ದು ಅವನಿಗೂ ತಲೆ ಆಪರೇಷನ್ ಆಗಿತ್ತು. ಹಾಗಾಗಿ ಮೆದುಳಿನ ವಿಷಯಕ್ಕೆ ನಮ್ಮ ಮನೆತನದಲ್ಲಿ ಕೊನೆಯ ಮಾತು ಅವನದೇ.

"ಹೆಂಗೂ ದವಾಖಾನ್ಯಾಗ ತಲಿ ಪೂರಾ ಬೋಳಸ್ತಾರ. ಆ ಕೂದ್ಲಾ ಕಸದ ಬುಟ್ಟಿಗಿ ಯಾಕ ಕೊಡ್ತಿ? ದೇವ್ರಿಗಿ ಕೊಡು" ಅಂದ.

ಖರೆ ಅನಿಸಿತು. ಒಂದೇ ಕೂದಲು, ಎರಡು ಕೆಲಸ!

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಬಾದಾಮಿ ಕಡೆಯ ಮನೆದೇವರಿಗೆ ಹೋಗಿ ಮುಡಿ ಕೊಟ್ಟೆ. ನನ್ನೊಬ್ಬನನ್ನೇ ಬೋಳು ನೋಡಲಾಗದೆ ಇಬ್ಬರು ತಮ್ಮಂದಿರೂ ಕೊಟ್ಟರು.

ಕತ್ತಿ ಮೊಂಡಾಗಿತ್ತೋ, ನನ್ನ ತಲೆಯೇ ಅಂಕುಡೊಂಕೋ... ಅಲ್ಲಲ್ಲಿ ಗೀರಿ ರಕ್ತ ಬಂತು. ಅವ್ವ ಅರಿಶಿನ ಒತ್ತಿದಳು.

ಸಂಜೆ ಅಡ್ಮಿಟ್ ಆಗೋಕೆ ಹೋದರೆ ಸಿಸ್ಟರು ನಮ್ಮ ಮೂರು ಬೋಳು ತಲೆಗಳನ್ನು ಒಂದೊಂದಾಗಿ ನೋಡಿ, ಇವರಲ್ಲಿ ಪೇಷಂಟ್ ಯಾರು ಅಂತ ಕೇಳಿದರು.

ಡಾಕ್ಟರು ನನ್ನ ತಲೆ ಮೇಲೆ ಬೆರಳಾಡಿಸಿದರು. ಹಳದಿಯಾದ ಗ್ಲೌಸನ್ನು ನೋಡಿಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರು.

ಆಪರೇಷನ್ ಕ್ಯಾನ್ಸಲ್! ಗಾಯ ಪೂರ್ತಿ ಮಾಯುವವರೆಗೆ ಈ ತಲೆಗೆ ಕೈ ಹಚ್ಚೋದಿಲ್ಲ ಅಂದರು.

ಕಾಕಾ ಜಗಳಕ್ಕೇ ನಿಂತ. "ನಂದೂ ಬೋಳಿಸಿದ್ರಲ್ರಿ. ಆಗ ಇರಲಾರದ್ದು ಈಗೆಲ್ಲಿಂದ ಬಂತ್ರಿ?"

ಡಾಕ್ಟರು ಭಾಳ ಸಮಾಧಾನದ ಮನುಷ್ಯ. ಅವನನ್ನು ಕೂರಿಸಿ ಹಳೆಯದೆಲ್ಲ ಹೇಳಿದರು.

ಒಂದು ಕಾಲಕ್ಕೆ ಡಾಕ್ಟರುಗಳು ಮನೆಯಿಂದ ಹಾಕಿಕೊಂಡು ಬಂದ ಕೋಟಿನಲ್ಲೇ, ಬರಿಗೈಯಲ್ಲೇ ತಲೆ ಕೊಯ್ಯುತ್ತಿದ್ದರಂತೆ. ಆಪರೇಷನ್ ಚೆನ್ನಾಗೇ ಆಗಿ, ಆಮೇಲೆ ಕೀವಾಗಿ ಜನ ಸಾಯುತ್ತಿದ್ದರಂತೆ.

ಕಣ್ಣಿಗೆ ಕಾಣದ ಕ್ರಿಮಿಗಳಿವೆ ಅಂತ ಗೊತ್ತಾದ ಮೇಲೆ, ಔಷಧದ ನೀರನ್ನು ಗಾಳಿಯಲ್ಲೆಲ್ಲ ಸ್ಪ್ರೇ ಹೊಡೆದರು. ಸಾಮಾನು ಕುದಿಸಿದರು. ಗ್ಲೌಸು, ಮಾಸ್ಕು ಬಂದವು. ಕೂದಲಲ್ಲೂ ಕ್ರಿಮಿ ಇರುತ್ತವೆ ಅಂತ ತಲೆ ಪೂರ್ತಿ ಬೋಳಿಸತೊಡಗಿದರು. ಕಾಕಾನ ತಲೆ ಆ ಕಾಲದ್ದು.

ಆಮೇಲೆ ಗೊತ್ತಾಗಿದ್ದೇನಪ್ಪ ಅಂದರೆ, ಕತ್ತಿ ಮಾಡುವ ಸಣ್ಣ ಗೀರುಗಳಲ್ಲೇ ಕ್ರಿಮಿ ಮನೆ ಮಾಡುತ್ತವೆ. ಅದಕ್ಕೇ ಈಗ ಅವರು ಕೊಯ್ಯುವ ಜಾಗದಲ್ಲಿ ಮಾತ್ರ, ಒಂದು ಗೆರೆಯಷ್ಟು ಕೂದಲನ್ನು ಮಷಿನ್ನಿನಿಂದ ತೆಗೆಯುತ್ತಾರೆ.

"ಒಂದ ಗೆರಿ?" ಅಂದ ಕಾಕಾ. ನಮ್ಮ ಮೂವರ ತಲೆ ಕಡೆ ನೋಡಿದ. ಆಮೇಲೆ ಗುಡೂರಿಗೆ ಬಸ್ ಎಷ್ಟೊತ್ತಿಗೆ ಅಂತ ವಿಚಾರಿಸಿದ.

ನಾವು ಮೂವರು ಇಳಕಲ್ಲಿಗೆ ವಾಪಸ್ ಬಂದಾಗ ಓಣಿಯವರೆಲ್ಲ ಕಟ್ಟೆ ಮೇಲಿದ್ದರು. ಅವ್ವ ಕಾಕಾನ ಜೊತೆ ಗುಡೂರಿನಲ್ಲಿ ಇಳಿದಿದ್ದಳು, ಅವಳು ಬರುವಷ್ಟರಲ್ಲಿ ಓಣಿ ಮಲಗಿತ್ತು. ಮೂವರು ಗಂಡುಮಕ್ಕಳು ಒಟ್ಟಿಗೆ ಬೋಳಾಗಿದ್ದಾರೆ. ಅಪ್ಪ ಹೋಗಿ ಬಹಳ ವರ್ಷವಾಯಿತು. ಇನ್ನು ಉಳಿದದ್ದು ಯಾರು ಅಂತ ಅವರೇ ಲೆಕ್ಕ ಹಾಕಿಬಿಟ್ಟರು.

ಬೆಳಿಗ್ಗೆ ಮುಖ ಸಣ್ಣ ಮಾಡಿಕೊಂಡು ಬಂದು ಕೂತರು. ಹಿರಿಯರೊಬ್ಬರು ಅವ್ವ ಎಂಥಾ ದೊಡ್ಡ ಮನಸ್ಸಿನ ಹೆಣ್ಣುಮಗಳು ಅಂತ ಕಣ್ಣೊರೆಸಿಕೊಳ್ಳುವಾಗ ಅವ್ವ ಚಹಾದ ತಾಟು ಹಿಡಿದು ಹೊರಗೆ ಬಂದಳು.

ಆ ಅಜ್ಜನಿಗೆ ನೀರು ಕುಡಿಸಬೇಕಾಯಿತು.

ಅವರೆಲ್ಲ ಹೋದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವ್ವ ನಗಲಿಲ್ಲ.

"ಇನ್ನ ಯಾರರ ಬಂದ್ರ, ಹೌದು, ಹೋದ್ಳು ಅಂತ ಹೇಳು. ಈ ಮನಿಗಿ ಯಮ ಒಮ್ಮಿ ಬಂದ್ ಹೋಗ್ಯಾನ ಅಂತ ಆಗ್ಲಿ. ನಿನ್ನ ಸಲುವಾಗಿ ಮತ್ತ ಬರಾಂಗಿಲ್ಲ" ಅಂದಳು.

ನಗು ಅಲ್ಲೇ ನಿಂತಿತು. ಆವತ್ತು ಮೊದಲ ಸಲ ನನಗೆ ನಿಜವಾಗಿ ಹೆದರಿಕೆಯಾಯಿತು.

ಗೀರುಗಳು ಮಾಯಿದವು, ಆಪರೇಷನ್ ಆಯಿತು. ಕಣ್ಣು ಉಳಿಯಿತು. ಹೊಲಿಗೆ ಬಿಚ್ಚುವವರೆಗೆ ಯಾರೂ ತಲೆ ಮುಟ್ಟಕೂಡದು ಅಂತ ಹೇಳಿ ಮನೆಗೆ ಕಳಿಸಿದರು.

ಅವ್ವ ಬಾಗಿಲಲ್ಲೇ ಕಾವಲು ಕೂತಳು. ಹಣೆಗೆ ದೇವರ ಅಂಗಾರ ಹಚ್ಚಲು ಬಂದವರನ್ನು ಹೊರಗಿನಿಂದಲೇ ಕಳಿಸಿದಳು. ಕಾಕಾನಿಗಂತೂ ಅಂಗಳದಲ್ಲೇ ಚಹಾ. ತಾನೂ ನನ್ನ ತಲೆ ಮುಟ್ಟಲಿಲ್ಲ.

ನಿನ್ನೆ ಹೊಲಿಗೆ ಬಿಚ್ಚಿದರು. ಕೀವಿಲ್ಲ, ಬಾವಿಲ್ಲ.

ಮನೆಗೆ ಬಂದು ಕೂತೆ. ಅವ್ವ ಬಚ್ಚಲಿಗೆ ಹೋಗಿ ಮೊಣಕೈತನಕ ಸೋಪು ಹಚ್ಚಿ ತೊಳೆದಳು. ಸೀರೆಗೆ ಒರೆಸಿಕೊಳ್ಳಲಿಲ್ಲ. ಎಲ್ಲಿ ನೋಡಿದ್ದಳೋ, ಎರಡೂ ಕೈ ಮೇಲೆತ್ತಿಕೊಂಡು, ಬಾಗಿಲನ್ನು ಕಾಲಿಂದ ದೂಡಿ ಥೇಟ್ ಡಾಕ್ಟರ ಹಾಗೆ ಬಂದಳು.

ಕೈ ಒಣಗುವವರೆಗೆ ನನ್ನ ಮುಂದೆ ಹಾಗೇ ನಿಂತಿದ್ದಳು.

ಆಮೇಲೆ ತಲೆ ಮೇಲೆ ಇಟ್ಟಳು.

ನಿಮ್ಮ ತಲೆ ಮುಟ್ಟೋಕೆ ಯಾರಾದರೂ ಇಷ್ಟು ಕಾದಿದ್ದಾರಾ?