ಹಳೆಯ ನಕಾಶೆಯ ಹಿಂದಿನ ಹಲ್ಲಿಗಳು

ಬೆಟಗೇರಿಯ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಆದರೆ ಯಾವ ಕೆಲಸವೂ ಹೊತ್ತು ತಪ್ಪುತ್ತಿರಲಿಲ್ಲ. ಕೋಳಿ ಕೂಗಿದಾಗ ಅಪ್ಪ ಗಂಜಿ ಕಾಯಿಸುತ್ತಿದ್ದ. ಬಿಸಿಲೇರುವ ಮೊದಲು ಸೀರೆಯ ಉದ್ದದ ನೂಲನ್ನು, ಅಂದರೆ ಹಾಸನ್ನು, ಓಣಿಯಲ್ಲಿ ಎಳೆದು ಕಟ್ಟಿ, ಗಂಜಿ ಸವರಿ, ಒಣಗಿಸಿ ಒಳಗೆ ತರಬೇಕು. ಶಾಲೆಗೆ ಹೋಗುವ ಮುನ್ನ ಮಗ್ಗದ ಕೋಣೆ ಗುಡಿಸುವುದು ನನ್ನ ಪಾಳಿ. ಆಗ ನನಗೆ ಹನ್ನೊಂದು ವರ್ಷ.

ಅಕ್ಕನ ಮದುವೆ ಗೊತ್ತಾದ ವರ್ಷವೇ ನಮ್ಮ ಊರು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮನೆಯಲ್ಲಿ ಆ ಸುದ್ದಿಗಿಂತ ಧಾರೆ ಸೀರೆಯ ಮಾತೇ ಹೆಚ್ಚು. ಮಗಳ ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು, ಅದರ ಹಾಸಿನಲ್ಲಿ ಒಂದು ಗಂಟೂ ಇರಬಾರದು. ಇದು ನಮ್ಮ ಮನೆತನದ ಕಟ್ಟುಪಾಡು. ಗಂಟಿದ್ದರೆ ಮಗಳ ಬಾಳೂ ನಡುವೆ ಕಡಿಯುತ್ತದೆ ಎಂದು ಸೋದರತ್ತೆ ನಂಬಿದ್ದಳು. ನಾನೂ ನಂಬಿದ್ದೆ.

ಹಾಸು ಮಗ್ಗಕ್ಕೆ ಏರಿದ ದಿನ ತೊಲೆಯಿಂದ ಹಲ್ಲಿಯೊಂದು ಅಕ್ಕನ ಹೆಗಲ ಮೇಲೆ ಬಿತ್ತು.

"ಜಳಕಾ ಮಾಡಿ ದೀಪಾ ಹಚ್ಚವಾ," ಎಂದು ಅಕ್ಕನನ್ನು ಕಳಿಸಿ ಅತ್ತೆ ನನ್ನ ಕಡೆ ತಿರುಗಿದಳು. "ಮದಿವಿ ಆಗೂತನಕಾ ಈ ಮನ್ಯಾಗ ಒಂದ ಹಲ್ಲೀನೂ ಕಾಣಬಾರ್ದು. ಕೊಲ್ಲಬ್ಯಾಡ, ಪಾಪ. ಹಿಡದು ಹೊರಗ ಬಿಡು."

ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವವಳು ನಾನಲ್ಲ. ದಿನಾ ಬೆಳಿಗ್ಗೆ ಉದ್ದ ಕಸಬರಿಗೆಯಿಂದ ತೊಲೆಯ ಸಂದು ಕೆದಕಿ, ಬಿದ್ದದ್ದನ್ನು ಮೊರದ ಕೆಳಗೆ ಮುಚ್ಚಿ, ಗಟಾರದ ಆಚೆ ಬಿಟ್ಟು ಬಂದೆ. ನಾಲ್ಕು ದಿನದಲ್ಲಿ ಹನ್ನೆರಡು. ಐದನೆಯ ದಿನ ಒಂದೂ ಸಿಗಲಿಲ್ಲ. ಅತ್ತೆ ನನ್ನ ಬೆನ್ನು ತಟ್ಟಿದಳು.

ಮದುವೆಗೆ ಹತ್ತು ದಿನ ಇತ್ತು. ಗುಡಿಸುವಾಗ, ಅಪ್ಪ ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಜಿರಲೆಗಳು ಸಾಲಾಗಿ ಓಡಿದವು. ಮೊದಲೂ ಒಂದೆರಡು ಇರುತ್ತಿದ್ದವು, ಇಷ್ಟು ಎಂದೂ ಇರಲಿಲ್ಲ. ತಲೆ ಎತ್ತಿ ಹಾಸು ನೋಡಿದೆ. ಮೂರು ಎಳೆ ಕಡಿದಿದ್ದವು, ಸುತ್ತಲಿನ ಎಳೆಗಳಲ್ಲಿ ಗಂಜಿ ಹೋಗಿ ನೂಲು ಜುಂಗು ಎದ್ದಿತ್ತು. ಅಪ್ಪ ಓಣಿಯಲ್ಲಿದ್ದ. ನಾನು ಯಾರನ್ನೂ ಕರೆಯಲಿಲ್ಲ. ಮೂರನ್ನೂ ಗಂಟು ಹಾಕಿ ತುದಿಯನ್ನು ಹಲ್ಲಿನಿಂದ ಕತ್ತರಿಸಿದೆ. ಮರುದಿನ ಮತ್ತೆ ನಾಲ್ಕು. ಅವನ್ನೂ ಕಟ್ಟಿದೆ. ಅಪ್ಪ ನೇಯುತ್ತ ಹೋದಂತೆ ನನ್ನ ಗಂಟುಗಳು ಅವನ ಬೆರಳಿನ ಹತ್ತಿರ ಬರುತ್ತಿದ್ದವು.

ಎರಡನೆಯ ಸಲ ಗಂಟು ಹಾಕಿದ ದಿನವೇ ಶಾಲೆಯಲ್ಲಿ ಮುಂಬೈ ರಾಜ್ಯದ ಹಳೆಯ ನಕಾಶೆ ಇಳಿಸಿ ಹೊಸದನ್ನು ತೂಗುಹಾಕಿದರು. ಹಳೆಯದನ್ನು ಎಳೆದ ಕೂಡಲೇ ಅದರ ಹಿಂದಿನಿಂದ ಹಲ್ಲಿಗಳು ಚೆಲ್ಲಾಪಿಲ್ಲಿಯಾದವು. ಹುಡುಗಿಯರು ಬೆಂಚು ಹತ್ತಿದರು. ಮಾಸ್ತರರು ಮಾತ್ರ ನಕಾಶೆಯ ಬೆನ್ನು ಸವರಿದರು. ಗೋದಿಹಿಟ್ಟಿನ ಅಂಟಿನಿಂದ ಬಟ್ಟೆಗೆ ಅಂಟಿಸಿದ ನಕಾಶೆ ಅದು, ಒಂದು ತೂತೂ ಇರಲಿಲ್ಲ. ಟ್ರಂಕಿನಲ್ಲಿಟ್ಟ ಉಳಿದ ನಕಾಶೆಗಳು ಜರಡಿಯಾಗಿದ್ದವು.

"ನೋಡ್ರಿ, ಟ್ರಂಕಿನ್ಯಾಗ ಹಲ್ಲಿ ಇರಲಿಲ್ಲ, ಜಿರಳಿ ಹಬ್ಬಾ ಮಾಡ್ಯಾವು. ಇಲ್ಲಿ ಕಾವಲಿತ್ತು," ಎಂದರು.

ಹನ್ನೆರಡು ಕಾವಲುಗಾರರನ್ನು ನಾನೇ ಎಣಿಸಿ ಎಣಿಸಿ ಹೊರಗೆ ಹಾಕಿದ್ದೆ. ಬುತ್ತಿಯ ಡಬ್ಬಿ ಖಾಲಿ ಮಾಡಿ ನಾಲ್ಕು ಹಲ್ಲಿ ಹಿಡಿದೆ.

"ಏನವಾ, ಉಪ್ಪಿನಕಾಯಿ ಹಾಕ್ತೀಯೇನು?" ಎಂದರು ಮಾಸ್ತರರು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಡಬ್ಬಿ ಕಂಡ ಅತ್ತೆ ಚೀರಿದಳು. "ಮದಿವಿ ಮನಿಗೆ ಹಲ್ಲೀ ಬುತ್ತಿ ತಂದಾಳಲ್ಲೋ ನಿನ್ನ ಮಗಳು!"

ಅಳುತ್ತ ಎಲ್ಲ ಹೇಳಿದೆ. ಅಪ್ಪ ಹಾಸಿನ ಮೇಲೆ ಕೈಯಾಡಿಸಿ ಏಳೂ ಗಂಟು ಎಣಿಸಿದ. ಹೊಸ ಹಾಸು ಹೂಡಲು ದಿನ ಉಳಿದಿರಲಿಲ್ಲ.

"ತೊಲಿ ಮ್ಯಾಲ ಬಿಡು," ಎಂದಷ್ಟೇ ಅಂದ.

ಬೆಳಗಾಗುವುದರೊಳಗೆ ಎರಡು ಹಲ್ಲಿ ಹೊರಟುಹೋಗಿದ್ದವು. ಉಳಿದ ಎರಡು ಎಷ್ಟು ತಿಂದಾವು? ಅಪ್ಪ ಗಂಜಿಯ ಮಡಕೆಯನ್ನು ಹಿತ್ತಲಿಗೆ ಸಾಗಿಸಿದ, ಕುಣಿಗೆ ಬೇವಿನ ಹೊಗೆ ಹಾಕಿದ, ಹಾಸಿನ ಮೇಲೆ ಬಟ್ಟೆ ಹೊದಿಸಿದ. ಆದರೂ ಇನ್ನೆರಡು ಎಳೆ ಹೋದವು.

ಸೀರೆ ಮಗ್ಗದಿಂದ ಇಳಿದಾಗ ಅತ್ತೆ ಅದನ್ನು ತೊಡೆಯ ಮೇಲೆ ಹರಡಿ ಬೆರಳಾಡಿಸಿದಳು. ಬೆರಳು ನಿಂತಿತು. ಮುಂದೆ ಸರಿದು ಮತ್ತೆ ನಿಂತಿತು. ಒಂಬತ್ತು ಸಲ. ಅವಳು ಆ ಭಾಗವನ್ನು ಒಳಕ್ಕೆ ಮಡಚಿ ಅಕ್ಕನ ಕೈಗೆ ಕೊಟ್ಟಳು.

"ಗಂಟು ನಿರಿಗಿ ಒಳಗ ಹೊಕ್ಕಾವು. ನಡಿ."

ಅಷ್ಟರಲ್ಲಿ ತೊಲೆಯ ಮೇಲೊಂದು ಹಲ್ಲಿ ಸರಿಯಿತು. ಅತ್ತೆ ನೋಡಿದಳು. ಕಸಬರಿಗೆ ತಾ ಎನ್ನಲಿಲ್ಲ.

ಅಕ್ಕ ಗಂಡನ ಮನೆಗೆ ಹೋದ ಮೇಲೆ ಮುಂಡರಗಿಯಿಂದ ಅವಳ ಕಾಗದ ಬಂದಾಗಲೆಲ್ಲ, ಒಡೆಯುವ ಮುನ್ನ ಆ ಒಂಬತ್ತು ಗಂಟುಗಳು ನೆನಪಾಗುತ್ತಿದ್ದವು. ಎಲ್ಲರೂ ಕ್ಷೇಮ ಎಂಬ ಸಾಲು ಕಂಡ ಮೇಲೆ ಕುಳಿತು, ಮೊದಲಿನಿಂದ ಓದುತ್ತಿದ್ದೆ.