ಕೈಯಲ್ಲಿ ಉಳಿದ ಎಣ್ಣೆ

ಮೊಮ್ಮಗಳು ಸ್ನಾನ ಮುಗಿಸಿ ಹೊರಗೆ ಬಂದರೆ ಬಚ್ಚಲಿನಿಂದ ಗಂಧಕದ ವಾಸನೆ ಬರುತ್ತದೆ. ಯಾವುದೋ ಔಷಧದ ಸಾಬೂನಂತೆ. ಮೂವತ್ತು ದಾಟಿದ ಹುಡುಗಿ, ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಗದ್ದದ ತುಂಬ ಮೊಡವೆ. ಹದಿನಾರಕ್ಕೆ ಬರಬೇಕಾದದ್ದು ಈಗ ಬಂತಲ್ಲ ಎಂದು ಮನೆಗೆ ಬಂದವರೆಲ್ಲ ನಗುತ್ತಾರೆ, ಹೋಗುವಾಗ ಒಂದೊಂದು ಔಷಧವನ್ನೂ ಹೇಳಿ ಹೋಗುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದ ಕೂಡಲೆ ಕೈಯ ಕೆಲಸ ನಿಂತುಬಿಡುತ್ತದೆ. ಯಾಕೆಂದು ಬರೆಯುತ್ತೇನೆ, ಪುರುಸೊತ್ತಿದ್ದರೆ ಕುಳಿತು ಓದಿ.

ನನ್ನನ್ನು ಕೊಟ್ಟದ್ದು ಯರಗಟ್ಟಿಯ ಗಾಣದ ಮನೆಗೆ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಹಿತ್ತಲಲ್ಲಿ ಎತ್ತು ತಿರುಗುತ್ತಿತ್ತು, ಗಾಣ ಕಿರ್ರೆನ್ನುತ್ತಿತ್ತು, ಹೊಸ್ತಿಲಿನಿಂದ ಹಿಡಿದು ನನ್ನ ಸೀರೆಯ ಅಂಚಿನವರೆಗೆ ಎಲ್ಲಕ್ಕೂ ಕುಸುಬೆ ಎಣ್ಣೆಯ ಜಿಡ್ಡು. ಆ ಮನೆಯಲ್ಲಿ ಹಪ್ಪಳ ಸುಡುವುದೆಂದರೆ ಮನೆತನಕ್ಕೆ ಅವಮಾನ, ಕರಿಯಲೇಬೇಕು. ಇನ್ನೊಂದು ಕಟ್ಟುನಿಟ್ಟಿನ ರೂಢಿಯಿತ್ತು. ಕೈಗೆ ಹತ್ತಿದ ಎಣ್ಣೆಯನ್ನು ನೀರಿನಲ್ಲಿ ತೊಳೆಯಬಾರದು. ತೊಳೆದರೆ ಲಕ್ಷ್ಮಿಯನ್ನು ಮೋರಿಗೆ ಬಿಟ್ಟಂತೆ. ಉಳಿದದ್ದನ್ನು ಯಾರಾದರೊಬ್ಬರ ಮೈಗೆ ಒರೆಸಬೇಕು.

ಆ ಯಾರಾದರೊಬ್ಬರು ನಾನೇ ಆಗಿದ್ದೆ. ಅತ್ತೆ ದಿನ ಬಿಟ್ಟು ದಿನ ನನ್ನನ್ನು ಮುಂದೆ ಕೂರಿಸಿಕೊಂಡು ನೆತ್ತಿಗೆ ಎಣ್ಣೆ ತಟ್ಟುತ್ತಿದ್ದರು, ಅಂಗೈಯಲ್ಲಿ ಉಳಿದದ್ದನ್ನು ಹಣೆಯಿಂದ ಗದ್ದದವರೆಗೆ ಸವರಿಬಿಡುತ್ತಿದ್ದರು. ಗಿರಾಕಿಗಳು ನನ್ನ ಮುಖ ನೋಡಿಯೇ ಎಣ್ಣೆಯ ಗುಣ ಹೇಳಬಹುದಿತ್ತು. ನನಗದು ಇಷ್ಟವಾಗಿತ್ತು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು ನಾನು. ಆ ಕೈ ತಲೆಯ ಮೇಲೆ ಓಡಾಡುತ್ತಿದ್ದರೆ ಕೂತಲ್ಲೇ ತೂಕಡಿಕೆ ಬರುತ್ತಿತ್ತು.

ಮಗಳು ಹುಟ್ಟಿ ಕೆಲವು ತಿಂಗಳಿಗೆ ಮುಖದ ಮೇಲೆ ಗುಳ್ಳೆಗಳೆದ್ದವು. ಮೊದಲು ಹಣೆಗೆ, ಆಮೇಲೆ ಕೆನ್ನೆಗೆ, ಕೆಂಪಗೆ, ಗಂಟುಗಂಟಾಗಿ. ಉಷ್ಣ ಎಂದರು ಅತ್ತೆ. ಉಷ್ಣಕ್ಕೆ ಮದ್ದು ಎಣ್ಣೆ. ದಿನ ಬಿಟ್ಟು ದಿನ ಇದ್ದದ್ದು ದಿನವೂ ಆಯಿತು, ಗುಳ್ಳೆಗಳು ಇನ್ನಷ್ಟು ಊದಿಕೊಂಡವು. ಒಬ್ಬರು ಸವದತ್ತಿಯ ಗುಡ್ಡಕ್ಕೆ ಹೋಗಿ ದೇವಿಯ ಭಂಡಾರದ ಅರಿಸಿನ ಹಚ್ಚಿಕೊಂಡು ಬಾ ಎಂದರು. ಹೂಲಿಯಿಂದ ಬಂದ ಬೀಗಿತಿಯೊಬ್ಬಳು ನನ್ನ ಮುಖವನ್ನೇ ನೋಡುತ್ತ ಕೂತು, ಎದ್ದು ಹೋಗುವಾಗ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ಸಂಜೆಗೇ ತಿಳಿಯಿತು. ದೊಡ್ಡ ರೋಗದ ಅನುಮಾನ. ಕುಷ್ಠವನ್ನು ಆಗ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಅಂದೇ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡರು. ನನ್ನ ತಟ್ಟೆ ಬೇರೆಯಾಯಿತು, ಹಾಸಿಗೆ ನಡುಮನೆಯಿಂದ ಪಡಸಾಲೆಗೆ ಬಂತು. ಒಳಗೆ ಮಗು ಅತ್ತರೆ ಹೊರಗೆ ನನ್ನ ಕುಬಸ ಹಾಲಿನಿಂದ ತೋಯುತ್ತಿತ್ತು. ಅದಕ್ಕೆ ಆಡಿನ ಹಾಲು ಕುಡಿಸುತ್ತಿದ್ದರು. ಅದು ಚೀರುವುದು, ನಾನು ಬಾಗಿಲವರೆಗೆ ಹೋಗುವುದು, ಹಿಂದಿರುಗುವುದು. ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು. ಆದರೆ ಅತ್ತೆ ನನಗೆ ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ. ಮೊದಲು ಕೂಸಿನ ಕೆಲಸ ಮುಗಿಸಿ, ಆಮೇಲೆ ನನ್ನ ಮುಖವನ್ನು ಬರಿಗೈಯಿಂದ ಸವರಿ, ಕೈಯ ಎಣ್ಣೆಯನ್ನೆಲ್ಲ ನನ್ನ ಮೈಗೇ ಒರೆಸಿ ಮುಗಿಸಿ, ತಾವು ಮೈತೊಳೆದುಕೊಂಡೇ ಒಳಗೆ ಹೋಗುತ್ತಿದ್ದರು. ನಿಮಗೂ ಹತ್ತಿದರೆ ಎಂದು ಒಮ್ಮೆ ಕೇಳಿದ್ದೆ.

"ನನಗ ಹತ್ತಿದ್ರ ಹತ್ತಲಿ. ನಾ ಬಾಳಿದಾಕಿ. ಕೂಸಿಗೆ ಹತ್ತಬಾರದು," ಎಂದಿದ್ದರು.

ದೀಪಾವಳಿ ಹತ್ತಿರ ಬಂದಾಗ ನನ್ನ ಗಂಡ ಧೈರ್ಯ ಮಾಡಿ ನನ್ನನ್ನು ರಾಮದುರ್ಗದ ದವಾಖಾನೆಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೇ ಕೂತಿದ್ದೆ. ಸಂಸ್ಥಾನದ ಕಾಲದಿಂದಲೂ ಅಲ್ಲೇ ಇದ್ದ ವಯಸ್ಸಾದ ಡಾಕ್ಟರು. ನನ್ನ ಕಣ್ಣು ಮುಚ್ಚಿಸಿ ಕೆನ್ನೆಗೆ ಒಮ್ಮೆ ಹತ್ತಿ ತಾಗಿಸಿದರು, ಒಮ್ಮೆ ಸೂಜಿಯ ಮೊನೆ. ನೋವಾಯಿತೇ ಎಂದು ಕೇಳಿದರು. ಆಯಿತು ಎಂದೆ, ಕಣ್ಣಲ್ಲಿ ನೀರೇ ಬಂದಿತ್ತು.

"ನೋವಾತಂದ್ರ ಛಲೋ ಆತು," ಎಂದರು. "ಆ ರೋಗದ ಕಲೆ ಇದ್ರ ಅಲ್ಲೆ ಚುಚ್ಚಿದ್ದ ಗೊತ್ತಾಗೂದಿಲ್ಲ. ಇವು ಮೊಡವಿ. ಹಡದ ಮ್ಯಾಲೆ ದೊಡ್ಡವರಿಗೂ ಬರ್ತಾವ. ಮಾರಿಗೆ ಏನ್ ಹಚ್ಚತೀರಿ?"

ಹೇಳಿದೆ. ಅವರು ನಕ್ಕರು. ಎಣ್ಣೆ ಚರ್ಮದ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ಒಳಗಿನ ಜಿಡ್ಡು ಹೊರಗೆ ಬರಲಾಗದೆ ಹೀಗೆ ಗಂಟಾಗುತ್ತದೆ ಎಂದು ಬಿಡಿಸಿ ಹೇಳಿದರು. ಎಣ್ಣೆ ಪೂರ್ತಿ ನಿಲ್ಲಿಸಬೇಕು, ಉಗುರು ತಾಗಿಸಬಾರದು, ಹಗುರಾಗಿ ಮುಖ ತೊಳೆದು ರಾತ್ರಿ ಗಂಧಕದ ಮುಲಾಮು ಹಚ್ಚಬೇಕು, ತಿಂಗಳುಗಟ್ಟಲೆ ತಾಳ್ಮೆ ಬೇಕು. ಇದು ಯಾರಿಗೂ ಅಂಟುವುದಿಲ್ಲ, ಮಗುವಿಗೆ ಹಾಲು ಕುಡಿಸಿ ಎಂದರು.

ಮರಳಿ ಬರುವಾಗ ಕುಣಿದಾಡಬೇಕಿತ್ತು. ಆದರೆ ಬಸ್ಸಿನಲ್ಲಿ ಗಂಡ ಮುಲಾಮಿನ ಡಬ್ಬಿಯನ್ನೇ ತಿರುವಿ ತಿರುವಿ ನೋಡುತ್ತ ಕೂತರು, ನಾನು ಮತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಯಾಕೆಂದು ನೀವೇ ಯೋಚಿಸಿ. ಎಣ್ಣೆ ನಿರ್ದೋಷಿಯಾದರೆ ನಾನು ರೋಗಿ. ನಾನು ರೋಗಿಯಲ್ಲದಿದ್ದರೆ ತಪ್ಪು ಎಣ್ಣೆಯದು, ಅದನ್ನು ಹಚ್ಚಿದ ಕೈಯದು. ಅವ್ವನ ಮುಂದೆ ಇದನ್ನು ನಾನು ಹೇಳಲಾರೆ ಎಂದರು ಗಂಡ. ನನ್ನ ಮಗು ನನಗೆ ಬೇಕಾಗಿತ್ತು. ಹೇಳಬೇಕಾದವಳು ನಾನೇ.

ಹಬ್ಬದ ಬೆಳಿಗ್ಗೆ ಅತ್ತೆ ಮಣೆ ಹಾಕಿ ಕರೆದರು. ಬಿಸಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡಿದ್ದರು. ನಾನು ಮಣೆಯ ಮೇಲೆ ಕೂರಲಿಲ್ಲ.

"ಅತ್ಯಾರ, ಎಣ್ಣಿ ಬ್ಯಾಡ್ರಿ. ಇವು ಮೊಡವಿ ಅಂತ. ಎಣ್ಣಿಯಿಂದನ ಹೆಚ್ಚಾಗ್ಯಾವ ಅಂದ್ರು ಡಾಕ್ಟರು."

"ನನ್ನ ಕೈಯಿಂದ ಆತು ಅಂತೀ?"

"ಕೈಯಿಂದ ಅಲ್ರಿ, ಎಣ್ಣಿಯಿಂದ."

"ಈ ಮನ್ಯಾಗ ಅವೆರಡೂ ಬ್ಯಾರೆ ಅಲ್ಲ, ಯವ್ವಾ."

ಅತ್ತೆ ತಮ್ಮ ಅಂಗೈಯನ್ನೇ ನೋಡಿಕೊಂಡರು. ಬೆರಳ ಸಂದಿಯಿಂದ ಎಣ್ಣೆ ಮಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗೆ ಮಗು ಎದ್ದು ಅಳತೊಡಗಿತು. ಸೂಜಿ ಚುಚ್ಚಿ ನೋಡಿದರೇ ಎಂದು ಅತ್ತೆ ಕೇಳಿದರು, ನೋವಾಯಿತೇ ಎಂದೂ ಕೇಳಿದರು. ಹೌದೆಂದೆ. ಅವರು ಎದ್ದು ಬಚ್ಚಲಿಗೆ ಹೋದರು. ನಾನು ನೋಡುತ್ತಿದ್ದಂತೆಯೇ ಎರಡೂ ಕೈಗೆ ಸೀಗೆಕಾಯಿ ಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದರು. ಎಣ್ಣೆ ನೀರಿನೊಂದಿಗೆ ಮೋರಿಗೆ ಹರಿಯಿತು. ಆಮೇಲೆ ಒಳಗಿನಿಂದ ಕೂಸನ್ನು ತಂದು, ನನ್ನ ಮುಖ ನೋಡದೆ, ತೊಡೆಯ ಮೇಲೆ ಹಾಕಿ ಹೋದರು.

ರಾತ್ರಿಯೆಲ್ಲ ಮುಲಾಮಿನ ಗಂಧಕದ ವಾಸನೆಯಲ್ಲೇ ಮಲಗಿದೆ, ಮೊಡವೆಗಳು ಬೇಸಿಗೆಯ ಹೊತ್ತಿಗೆ ಒಣಗಿದವು. ಗುಳಿಗಳು ಉಳಿದವು, ಅವುಗಳೊಂದಿಗೆ ನನ್ನ ಜಗಳವಿಲ್ಲ. ಅತ್ತೆ ಬದುಕಿರುವವರೆಗೆ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಆ ಕೈ ಮತ್ತೆಂದೂ ನನ್ನ ತಲೆಯ ಮೇಲೆ ಬರಲಿಲ್ಲ. ಇನ್ನು ಹಚ್ಚಿದರೂ ಚಿಂತೆಯಿಲ್ಲ ಎಂದು ನಾನೂ ಹೇಳಲಿಲ್ಲ. ಹೇಳಬೇಕಾಗಿತ್ತೇನೋ. ಈಗಲೂ ಒಮ್ಮೊಮ್ಮೆ ನೆತ್ತಿ ಆ ಕೈಯನ್ನು ಬೇಡುತ್ತದೆ.

ಇಷ್ಟು ಬರೆದು ತಲೆಯೆತ್ತಿದರೆ ಮೊಮ್ಮಗಳು ಒದ್ದೆಗೂದಲು ಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಇಷ್ಟು ದಿನ ಅವಳ ಮುಖದ ಬಗ್ಗೆ ನಾನೂ ಏನಾದರೊಂದು ಬುದ್ಧಿ ಹೇಳುತ್ತಿದ್ದೆ. ಇವತ್ತು ಬುದ್ಧಿ ಹೇಳದೆ, ಬಾ ಎಂದು ಕರೆದು ಮುಂದೆ ಕೂರಿಸಿಕೊಂಡೆ.

"ಎಣ್ಣಿ ಬ್ಯಾಡಜ್ಜಿ," ಎಂದಳು ಹೆದರಿ.

"ಇಲ್ಲ ಯವ್ವಾ, ಬರೇ ಕೈ," ಎಂದೆ.

ಸ್ವಲ್ಪ ಹೊತ್ತಿಗೆ ಅವಳ ತಲೆ ನನ್ನ ಮೊಣಕಾಲಿಗೆ ಒರಗಿತು.