ಹೊಕ್ಕುಳಬಳ್ಳಿಯಲ್ಲಿ ಸೋದರಮಾವನ ಪಾಲು

ನನ್ನ ಬಲಗಾಲಿನ ಮಂಡಿ ಮಡಚುವುದಿಲ್ಲ. ಹಲಗೂರು ರಸ್ತೆಯಲ್ಲಿ ಕಬ್ಬಿನ ತರಗಿನ ಮೇಲೆ ಸ್ಕೂಟರ್ ಜಾರಿ ಬಿದ್ದಾಗಿನಿಂದ ಅದು ನನ್ನ ಮಾತು ಕೇಳುವುದನ್ನೇ ಬಿಟ್ಟಿದೆ. ಕುರ್ಚಿ ಸಿಕ್ಕುವಲ್ಲೆಲ್ಲ ಇದರಿಂದ ತೊಂದರೆಯೇನಿರಲಿಲ್ಲ. ಆದರೆ ತಂಗಿ ಚೊಚ್ಚಲ ಹೆರಿಗೆಗೆಂದು ಮಳವಳ್ಳಿಗೆ, ನಮ್ಮ ಮನೆಗೆ ಬಂದಳು. ಹುಟ್ಟುವ ಮಗುವಿಗೆ ಕಿವಿ ಚುಚ್ಚುವಾಗ ಸೋದರಮಾವನಾದ ನಾನು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಮಗುವನ್ನು ಹಿಡಿದುಕೊಳ್ಳಬೇಕು.

"ನಿಂಗಾಗ್ದಿದ್ರೆ ಬುಡ್ಲಾ, ದೊಡ್ಡಪ್ಪನ ಮಗ ಕುಂತ್ಕತನೆ" ಅಂದಳು ಅವ್ವ.

ದೊಡ್ಡಪ್ಪನ ಮಗ ಎಲ್ಲಿ ಮಣೆ ಕಂಡರೂ ಕೂತುಬಿಡುವ ಆಸಾಮಿ. ನನಗೆ ಮೈಯೆಲ್ಲ ಉರಿದುಹೋಯಿತು.

ಅದೇ ವಾರ ತಂಗಿಯ ಗಂಡ ಮದ್ದೂರಿನಿಂದ ಎರಡು ಡಬ್ಬಿ ಹಿಡಿದು ಬಂದ. ಒಂದರಲ್ಲಿ ವಡೆ. ಇನ್ನೊಂದು ಬಿಳಿ ಥರ್ಮಾಕೋಲಿನದು. ಅದರಲ್ಲೂ ವಡೆಯೇ ಇರಬೇಕೆಂದು ಮುಚ್ಚಳ ತೆಗೆದರೆ, ಒಂದು ಖಾಲಿ ಚೀಲ, ಕೊಳವೆ, ಸೂಜಿ.

"ಅದ್ನ ಮುಟ್ಬ್ಯಾಡಿ ಭಾವ!" ಎಂದು ಕಿರುಚಿದ.

ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯಲ್ಲಿ ಉಳಿದ ರಕ್ತವನ್ನು ಆ ಚೀಲಕ್ಕೆ ಹಿಡಿದು, ದೂರದ ಲ್ಯಾಬಿನಲ್ಲಿ ಮಂಜುಗಡ್ಡೆಯಾಗುವಷ್ಟು ತಣ್ಣಗೆ ಇಡುತ್ತಾರಂತೆ. ಅದರಲ್ಲಿ ಸ್ಟೆಮ್ ಸೆಲ್ ಎಂಬ ಜೀವಕೋಶಗಳಿವೆಯಂತೆ. ಮುಂದೆ ಏನಾಗಬೇಕೆಂದು ಅವು ಇನ್ನೂ ತೀರ್ಮಾನ ಮಾಡಿರುವುದಿಲ್ಲವಂತೆ.

"ಇವ್ನಂಗೇಯ" ಎಂದು ಅವ್ವ ನನ್ನತ್ತ ನೋಡಿದಳು.

ಕೆಲವು ರಕ್ತದ ಕಾಯಿಲೆಗಳಿಗೆ ಅದರಿಂದ ಚಿಕಿತ್ಸೆ ಕೊಡುತ್ತಾರೆ, ಸಕ್ಕರೆ ಕಾಯಿಲೆ, ಮಂಡಿನೋವು ಇಂಥವಕ್ಕೆ ಇನ್ನೂ ಸಂಶೋಧನೆ ನಡೆಯುತ್ತಿದೆ ಎಂದು ಅವನು ವಿವರಿಸಿದ. ನನ್ನ ಕಿವಿಗೆ ಬಿದ್ದದ್ದು ಮಂಡಿ ಒಂದೇ.

"ಅಂಗಾರೆ ಸೋದ್ರಮಾವುಂಗೊಂದ್ ಪಾಲಿರ್ಲಿ" ಅಂದೆ.

ಸುದ್ದಿ ಮದ್ದೂರಿಗೆ ಮುಟ್ಟಿತು. ಬೀಗರು, ಅಂದರೆ ತಂಗಿಯ ಮಾವ, ಫೋನ್ ಮಾಡಿ ತಮ್ಮ ಸಕ್ಕರೆ ಕಾಯಿಲೆಗೇ ಮೊದಲ ಪಾಲು ಎಂದರು. "ಮೊಮ್ಮಗ ನಮ್ ವಂಸ. ಬಳ್ಳಿನೂವೆ ನಮ್ದೇಯ."

"ಬಳ್ಳಿ ಇರದು ನಮ್ ಉಡ್ಗಿ ಒಟ್ಟೇಲಿ ಕಣ್ರೀ! ನಮ್ಮನೆ ಮುದ್ದೆ ತಿಂದು ಬೆಳೀತಾ ಅದೆ" ಅಂದೆ ನಾನು.

"ಬೀಗ್ರೂಟದಲ್ಲೂ ಅಷ್ಟೇಯ, ಒಳ್ಳೆ ಪೀಸೆಲ್ಲ ನೀವೇ ತಿಂದು ನಮ್ಗೆ ಮೂಳೆ ಹಾಕುದ್ರಿ" ಎಂದು ಫೋನ್ ಕಟ್ ಮಾಡಿದರು. ಅವತ್ತು ನಾವು ಮಾಂಸಕ್ಕೆ ಹೆಸರಾದ ಬಂಡೂರು ಕುರಿಯನ್ನೇ ಕಡಿಸಿದ್ದೆವು. ಈ ಮನುಷ್ಯನಿಗೆ ಅದರ ನೆನಪೇ ಇಲ್ಲ.

ತಂಗಿಯನ್ನು ಮಂಡ್ಯದ ಆಸ್ಪತ್ರೆಗೆ ತೋರಿಸಲು ಕರೆದುಕೊಂಡು ಹೋದಾಗ, ನಾನು ಪಂಚೆ ಎತ್ತಿ ಹೆರಿಗೆ ಡಾಕ್ಟರಮ್ಮನಿಗೆ ಮಂಡಿ ತೋರಿಸಿದೆ. ತಂಗಿ ತಲೆ ತಗ್ಗಿಸಿಕೊಂಡಳು.

"ಇದು ಮಂಡಿಗೆ ಕೆಲಸ ಮಾಡುತ್ತೆ ಅಂತ ಇನ್ನೂ ಸಾಬೀತಾಗಿಲ್ಲ. ಮೊದಲು ಮಗುವಿಗೆ ಸೇರಬೇಕಾದ ರಕ್ತ ಮಗುವಿಗೆ ಹೋಗಬೇಕು. ಮಿಕ್ಕರೆ ಆಮೇಲೆ ನೋಡೋಣ" ಎಂದರು ಡಾಕ್ಟರಮ್ಮ. ಮಿಕ್ಕರೆ ಎಂಬ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ನಾನು ಖುಷಿಯಾಗಿ ಮನೆಗೆ ಬಂದೆ.

ಹೆರಿಗೆಯ ದಿನ ಚೀಲ, ಸೂಜಿ ಒಳಗೆ ಹೋದವು. ಖಾಲಿ ಡಬ್ಬಿಯನ್ನು ನಾನು ಎದೆಗವಚಿಕೊಂಡು ಹೊರಗೆ ನಿಂತೆ. ಎದುರಿಗೆ ಬೀಗರು ಡಬ್ಬಿಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಅಷ್ಟರಲ್ಲಿ ನರ್ಸ್ ಬಂದು, ಮಗುವಿನ ಕುತ್ತಿಗೆಗೆ ಬಳ್ಳಿ ಸುತ್ತಿಕೊಂಡಿದೆ ಎಂದವರೇ ಒಳಗೆ ಓಡಿದರು. ನಾನು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಕೈ ಮುಗಿದೆ. ಬಳ್ಳಿ ಮನೆ ಹಾಳಾಗಲಿ, ಕೂಸು ಉಳಿದರೆ ಸಾಕು ಎಂದು ಹಲಗೂರಿನಿಂದ ಬಸರಾಳಿನವರೆಗಿನ ದೇವರಿಗೆಲ್ಲ ಹರಕೆ ಹೊತ್ತೆ. ಬೀಗರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಒಳಗಿನಿಂದ ಅಳು ಕೇಳಿದ್ದೇ ಇಬ್ಬರೂ ಒಟ್ಟಿಗೆ ಬೆಂಚಿನ ಮೇಲೆ ಕುಸಿದೆವು. ಲಟಲಟ ಎಂದು ಸದ್ದಾಯಿತು. ಡಬ್ಬಿ ನಮ್ಮಿಬ್ಬರ ಕೆಳಗಿತ್ತು.

ಹೆಣ್ಣುಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಬಳ್ಳಿಯನ್ನು ಬೇಗ ಕತ್ತರಿಸಬೇಕಾಯಿತು, ರಕ್ತ ಹಿಡಿಯಲು ಪುರಸೊತ್ತಿರಲಿಲ್ಲ ಎಂದರು ಡಾಕ್ಟರಮ್ಮ. ತಂಗಿಯ ಗಂಡನಿಗೆ ಅದು ಕೇಳಿಸಿತೋ ಇಲ್ಲವೋ, ಮಗುವನ್ನು ನೋಡುತ್ತ ಹಲ್ಲು ಕಿರಿಯುತ್ತಿದ್ದ.

ಕಿವಿ ಚುಚ್ಚುವ ದಿನ ದೊಡ್ಡಪ್ಪನ ಮಗ ಗರಿಗರಿ ಪಂಚೆ ಉಟ್ಟು ಮಣೆಯ ಸುತ್ತಲೇ ಸುಳಿಯುತ್ತಿದ್ದ. ಅವನು ಬಗ್ಗುವಷ್ಟರಲ್ಲಿ ನಾನು ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಬೀಗರ ಹೆಗಲು ಹಿಡಿದು ಧೊಪ್ಪನೆ ಕೂತೇಬಿಟ್ಟೆ. ಎಡಗಾಲು ಮಡಚಿತು, ಬಲಗಾಲು ಹೊಸಿಲವರೆಗೂ ಚಾಚಿಕೊಂಡಿತು. ಆಚಾರಿ ಅದನ್ನು ಬಳಸಿಕೊಂಡು ಬಂದು ಮಗುವಿನ ಕಿವಿಗೆ ಚಿನ್ನದ ತಂತಿ ಚುಚ್ಚಿದ. ಮಗು ಬೀದಿಗೆಲ್ಲ ಕೇಳುವಂತೆ ಕಿರುಚಿ, ನನ್ನ ಬಲಮಂಡಿಯ ಮೇಲೆ ಬೆಚ್ಚಗೆ ಉಚ್ಚೆ ಹುಯ್ದಿತು.

"ತಕಳಣ್ಣ, ನಿನ್ ಪಾಲು" ಅಂದಳು ತಂಗಿ.

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಬೀಗರು ನನ್ನನ್ನು ಎತ್ತಲು ಕೈ ಚಾಚಿದರು.

"ಇರಿ ಬೀಗ್ರೇ, ಕೂಸು ಮನೀಕತಾ ಅದೆ" ಅಂದೆ.

ಅತ್ತು ಸುಸ್ತಾದ ಮಗು ನನ್ನ ಹೆಬ್ಬೆರಳು ಹಿಡಿದುಕೊಂಡೇ ಕಣ್ಣು ಮುಚ್ಚಿತ್ತು. ಮಂಡಿ ಸಿಡಿಯುತ್ತಿತ್ತು. ಊಟಕ್ಕೆ ಎಲೆ ಹಾಕಿ ಕರೆದರೂ ನಾನು ಆ ಮಣೆ ಬಿಟ್ಟು ಏಳಲಿಲ್ಲ.